ಕಾಡಿಲ್ಲದ ಜಿಲ್ಲೆಯವಳು ವನ್ಯಜೀವಿ ವಿಜ್ಞಾನಿ ಆಗಬಹುದೇ?

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲೂಕಿನವಳು. ಬಿ.ಎಸ್ಸಿ. ಕೊನೆಯ ವರ್ಷ, ಪ್ರಾಣಿಶಾಸ್ತ್ರ ಮತ್ತು ಸಸ್ಯಶಾಸ್ತ್ರ ಓದುತ್ತಿದ್ದೇನೆ. ವನ್ಯಜೀವಿ ಸಂರಕ್ಷಣೆಯಲ್ಲಿ ವಿಜ್ಞಾನಿ ಆಗಬೇಕೆಂಬ ಆಸೆ ಇದೆ. ಮನೆಯಲ್ಲಿ ಬಿ.ಇಡಿ. ಮಾಡಿ ಮಾಸ್ತರಿಕಿ ಹಿಡಿ ಅನ್ನುತ್ತಾರೆ. "ನಮ್ಮ ಜಿಲ್ಲಾದಾಗ ಕಾಡ ಎಲ್ಲೈತಿ? ಹುಲಿ ಎಲ್ಲೈತಿ? ಪಗಾರ ಯಾರ ಕೊಡ್ತಾರ?" ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರವಿಲ್ಲ. ಅಜ್ಜ ಈಗಲೂ ಕುರಿ ಕಾಯುತ್ತಾನೆ, ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ನಮ್ಮಂಥವರಿಗೆ ಇದು ಆಗುವ ಮಾತೇ? ಏನು ಓದಬೇಕು, ಎಲ್ಲಿ ಓದಬೇಕು, ಊರು ಬಿಡಲೇಬೇಕೇ?

ಉತ್ತರ: ತಂಗಿ, ನಿನ್ನ ಅಪ್ಪಾರು ಕೇಳಿದ ಮೂರು ಪ್ರಶ್ನೆಗಳಲ್ಲಿ ಮೊದಲೆರಡಕ್ಕೆ ಉತ್ತರ ನಿಮ್ಮೂರ ಮಗ್ಗುಲಲ್ಲೇ ಇದೆ. ಮೂರನೆಯದು ಕುಂತು ಮಾತಾಡಬೇಕಾದ್ದು. ಹಾಗಾಗಿ ಪಗಾರದ ಲೆಕ್ಕವನ್ನೇ ಮೊದಲು ಮುಗಿಸೋಣ. ಈ ಕ್ಷೇತ್ರದ ಬಗ್ಗೆ ಭಾಷಣ ಮಾಡುವವರು ಇದನ್ನು ಕೊನೆಗೆ ಇಡುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ.

ಎಂ.ಎಸ್ಸಿ. ಮುಗಿಸಿ ಒಂದು ಸಂಸ್ಥೆಯ ಯೋಜನೆಗೆ ಸಂಶೋಧನಾ ಸಹಾಯಕಿಯಾಗಿ ಸೇರಿದರೆ ಹೆಚ್ಚುಕಡಿಮೆ ಹೊಸ ಶಾಲಾ ಮಾಸ್ತರರಿಗಿಂತ ಕಡಿಮೆಯೇ ಕೈಗೆ ಬರುತ್ತದೆ. ಯೋಜನೆ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಬಂದರೆ ಚಿತ್ರ ಬದಲಾಗುತ್ತದೆ: 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ. ನಂತರದ ಕಾಯಂ ಹುದ್ದೆಗಳು ಕೈಬೆರಳಲ್ಲಿ ಎಣಿಸುವಷ್ಟು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಭಾರತೀಯ ಪ್ರಾಣಿ ಸರ್ವೇಕ್ಷಣೆ, ಸಸ್ಯ ಸರ್ವೇಕ್ಷಣೆ, ವಿಶ್ವವಿದ್ಯಾಲಯಗಳು, ಕೆಲವು ದೊಡ್ಡ ಸ್ವಯಂಸೇವಾ ಸಂಸ್ಥೆಗಳು, ಇಷ್ಟೇ. ನನಗೆ ಸ್ಥಿರವಾದ ಕೆಲಸ ಸಿಕ್ಕಾಗ ಮೂವತ್ತನಾಲ್ಕು. ಅಲ್ಲಿಯ ತನಕ ದೀಪಾವಳಿಗೆ ಊರಿಗೆ ಹೋದಾಗ "ಏನ್ ಮಾಡಾಕತ್ತೀವಾ?" ಅಂತ ಯಾರಾದರೂ ಕೇಳಿದರೆ "ಇನ್ನಾ ಓದಾಕತ್ತೀನ್ರಿ" ಅನ್ನುವುದೇ ಸುಲಭವಾಗಿತ್ತು. ಇದನ್ನು ಅಪ್ಪನಿಗೆ ಇದ್ದಹಾಗೆಯೇ ಹೇಳು. ಮುಚ್ಚಿಟ್ಟರೆ ಮೂರು ವರ್ಷದ ಮೇಲೆ ಮನೆಯಲ್ಲಿ ಜಗಳವಾಗುತ್ತದೆ.

ಬಿ.ಇಡಿ. ಮಾಡಿದರೆ ಈ ದಾರಿ ಮುಚ್ಚಿತು ಅಂತಲೂ ತಿಳಿಯಬೇಡ. ಒಂದೇ ಊರಲ್ಲಿ ಇಪ್ಪತ್ತು ವರ್ಷ ನೆಲೆ ನಿಂತು, ಪ್ರತಿ ಭಾನುವಾರ ಅದೇ ಕೆರೆಯ ಹಕ್ಕಿ ಎಣಿಸುವ ಮಾಸ್ತರರ ನೋಟ್‌ಬುಕ್ಕು, ಮೂರು ವರ್ಷಕ್ಕೆ ಬಂದುಹೋಗುವ ನನ್ನಂಥವರ ಪ್ರಬಂಧಕ್ಕಿಂತ ಎಷ್ಟೋ ಸಲ ತೂಕದ್ದು. ಆದರೂ ನೀನು ಕೇಳಿದ್ದು ವಿಜ್ಞಾನಿ ಆಗುವುದರ ಬಗ್ಗೆ. ಬಿ.ಎಸ್ಸಿ. ಮುಗಿದ ಮೇಲೆ ಎರಡು ವರ್ಷದ ಗಡುವು ಕೇಳು. ಆ ಎರಡು ವರ್ಷದಲ್ಲಿ ಪ್ರವೇಶ ಪರೀಕ್ಷೆ ಬರೆ, ಯಾವುದಾದರೂ ಯೋಜನೆಯಲ್ಲಿ ಕ್ಷೇತ್ರ ಸಹಾಯಕಿಯಾಗಿ ಬಿಸಿಲು ತಿನ್ನು. ಎರಡನೆಯದೇ ನಿನಗೆ ಖರೆ ಉತ್ತರ ಕೊಡುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮಡ್ಡಿಯ ಮೇಲೆ ನಿಂತು ಇನ್ನೂ ಆಸೆ ಉಳಿದಿದ್ದರೆ ಅದು ಆಸೆ. ಟಿ.ವಿ.ಯಲ್ಲಿ ಹುಲಿ ನೋಡಿ ಬಂದದ್ದಾದರೆ ಅಲ್ಲೇ ಕರಗಿಹೋಗುತ್ತದೆ.

ಈಗ ಕಾಡಿನ ಮಾತು.

ನಿನ್ನ ತಾಲೂಕಿನಲ್ಲೇ, ಬೀಳಗಿ ಮತ್ತು ಮುಧೋಳದ ನಡುವೆ, ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. ಸುಮಾರು 96 ಚದರ ಕಿಲೋಮೀಟರ್. ಚಿಂಕಾರಕ್ಕೆಂದೇ ಮೀಸಲಿಟ್ಟ ಧಾಮ, ಅದೂ ನಿಮ್ಮ ಹಿತ್ತಲಲ್ಲಿ. ನಮ್ಮ ಕಡೆ ಕೃಷ್ಣಮೃಗಕ್ಕೂ ಚಿಗರಿ, ಚಿಂಕಾರಕ್ಕೂ ಚಿಗರಿ. ಅದಕ್ಕೇ ಇರಬೇಕು, ಎಷ್ಟೋ ಜನಕ್ಕೆ ತಮ್ಮ ಊರಲ್ಲಿ ಎರಡು ಬೇರೆ ಬೇರೆ ಪ್ರಾಣಿ ಇವೆ ಅನ್ನುವುದೇ ಗೊತ್ತಿಲ್ಲ. ಚಿಂಕಾರ ಸಣ್ಣದು, ಮರಳಿನ ಬಣ್ಣದ್ದು. ವಾರಗಟ್ಟಲೆ ನೀರು ಮುಟ್ಟದೆ, ಎಲೆ ಮತ್ತು ಹುಲ್ಲಿನ ಪಸೆಯಲ್ಲೇ ಬದುಕಬಲ್ಲದು. ದಟ್ಟ ಕಾಡು ಅದಕ್ಕೆ ಆಗದು, ಬಯಲು ಬೇಕು, ಕುರುಚಲು ಬೇಕು, ದೂರಕ್ಕೆ ಕಣ್ಣು ಹಾಯಬೇಕು.

ಅಪ್ಪನಿಗೆ ಕಾಡು ಅಂದರೆ ದಾಂಡೇಲಿ ಕಣ್ಣಿಗೆ ಬರುತ್ತದೆ. ತಪ್ಪಲ್ಲ, ಸರ್ಕಾರದ ಕಾಗದಕ್ಕೂ ಹಾಗೇ ಕಾಣುತ್ತದೆ. ನಮ್ಮ ಹುಲ್ಲುಬಯಲು, ಮಡ್ಡಿ, ಹಳ್ಳದ ದಂಡೆ ಇವೆಲ್ಲ ನಕ್ಷೆಯಲ್ಲಿ "ಪಾಳುಭೂಮಿ" ಆಗಿ ನಮೂದಾಗುತ್ತ ಬಂದಿವೆ. ಪಾಳು ಅಂತ ಬರೆದದ್ದಕ್ಕೆ ಬೆಲೆ ಇರುವುದಿಲ್ಲ. ಸೋಲಾರ್ ಬೇಕಾದರೆ ಅಲ್ಲಿ, ಗಾಳಿಯಂತ್ರ ಬೇಕಾದರೆ ಅಲ್ಲಿ, ಗಿಡ ನೆಡಬೇಕಾದರೂ ಅಲ್ಲೇ. ವಿಜಯಪುರದಲ್ಲಿ ಕೋಟಿ ವೃಕ್ಷ ಅಭಿಯಾನ ನಡೆದು ಊರಿಗೆ ನೆರಳು ಬಂದದ್ದು ನನಗೂ ಸಂತೋಷವೇ, ರಸ್ತೆ ಬದಿ, ಕೆರೆ ದಂಡೆ, ಶಾಲೆ ಅಂಗಳದಲ್ಲಿ ಎಷ್ಟು ಗಿಡ ನೆಟ್ಟರೂ ಕಡಿಮೆ. ಹುಲ್ಲುಬಯಲಿನಲ್ಲಿ ಸಾಲುಗಿಡ ಹಚ್ಚಿದರೆ ಮಾತ್ರ ಚಿಂಕಾರದ ಮನೆ ಕಿತ್ತಂತೆ. ತೋಳಕ್ಕೂ ನರಿಗೂ ಅದೇ ಗತಿ. ನಮ್ಮ ಹಿರಿಯರು ಎರೆಭೂತ ಅನ್ನುತ್ತಿದ್ದ ಆ ದೊಡ್ಡ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್, ದೇಶದಲ್ಲಿ ಈಗ 150ಕ್ಕಿಂತ ಕಡಿಮೆ ಉಳಿದಿದೆ. ಅದಕ್ಕೆಂದು ಇಲ್ಲೇ ಪಕ್ಕದ ಸೊಲ್ಲಾಪುರದ ನಾನ್ನಜದಲ್ಲಿ ಅಭಯಾರಣ್ಯವನ್ನೇ ಮಾಡಿದ್ದರು. ಹಕ್ಕಿ ಹೋದದ್ದು ಬೇಟೆಯಿಂದಷ್ಟೇ ಅಲ್ಲ, ಅದಕ್ಕೆ ಬೇಕಾದ ಬಯಲು ಹೋಯಿತು. ಆಲಮಟ್ಟಿ ನೀರು ಬಂದ ಕಡೆ ಜೋಳ-ಕಡಲೆಯ ಎರಿ ಹೊಲ ಕಬ್ಬಾಯಿತು. ರೈತರ ಪಾಲಿಗೆ ಅದು ವರ. ಅದೇ ಹಿನ್ನೀರಿನ ಕೆಸರಿಗೆ ಚಳಿಗಾಲ ಕಳೆಯುತ್ತಲೇ ರಾಜಹಂಸಗಳು ಇಳಿಯುತ್ತವೆ, ಬಾಗಲಕೋಟೆಯ ಹುಡುಗರು ಮೊಬೈಲ್ ಹಿಡಿದು ಓಡುತ್ತಾರೆ. ಒಂದು ಅಣೆಕಟ್ಟು ಒಂದು ಜೀವದ ನೆಲೆ ಕಸಿದು ಇನ್ನೊಂದಕ್ಕೆ ಕೊಟ್ಟಿತು. ಎಷ್ಟು ಕಸಿಯಿತು, ಎಷ್ಟು ಕೊಟ್ಟಿತು ಅಂತ ಯಾರಾದರೂ ಲೆಕ್ಕ ಇಡಬೇಕಲ್ಲ? ಅದೇ ನಮ್ಮ ಕೆಲಸ.

ಹೌದು, ಲೆಕ್ಕ. ನೀನು ಪತ್ರದಲ್ಲಿ "ವನ್ಯಜೀವಿ ಸಂರಕ್ಷಣೆಯಲ್ಲಿ ವಿಜ್ಞಾನಿ" ಅಂತ ಬರೆದಿದ್ದೀ. ರಕ್ಷಿಸುವವರು ಅರಣ್ಯ ರಕ್ಷಕರು, ಊರವರು, ಕೆಲವೊಮ್ಮೆ ನ್ಯಾಯಾಲಯ. ವಿಜ್ಞಾನಿ ಮಾಡುವುದು ಹೆಚ್ಚಾಗಿ ಎಣಿಸುವುದು, ಮತ್ತು ತನ್ನ ಎಣಿಕೆ ಎಷ್ಟು ತಪ್ಪಿರಬಹುದು ಅಂತ ಪ್ರಾಮಾಣಿಕವಾಗಿ ಹೇಳುವುದು. ಸಪ್ಪೆ ಅನ್ನಿಸಿತೇ? ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳಿವೆ ಅಂತ ಹೆಜ್ಜೆಗುರುತು ನೋಡಿ ವರ್ಷ ವರ್ಷ ಕಾಗದದಲ್ಲಿ ಬರೆಯುತ್ತಿದ್ದರು. 2005ರ ಹೊತ್ತಿಗೆ ನೋಡಿದರೆ ಒಂದೂ ಇರಲಿಲ್ಲ, ಕಳ್ಳಬೇಟೆಯವರು ಮುಗಿಸಿದ್ದರು. ಕಾಗದದ ಹುಲಿ ಮಾತ್ರ ಉಳಿದಿತ್ತು. ಲೆಕ್ಕ ಸುಳ್ಳಾದರೆ ರಕ್ಷಣೆಯೂ ಸುಳ್ಳು.

ಸರಿಯಾಗಿ ಎಣಿಸುವುದು ಹೇಗೆ? ನಿನ್ನ ಅಜ್ಜನಿಗೆ ಇದು ಅರ್ಧ ಗೊತ್ತಿದೆ. ಒಂದು ದೊಡ್ಡ ಬಯಲಿನಲ್ಲಿ ನಾಲ್ಕಾರು ಮಂದಿಯ ಕುರಿ ಕಲೆತು ಮೇಯುತ್ತಿವೆ ಅನ್ನು. ಒಟ್ಟು ಎಷ್ಟು ಅಂತ ಗೊತ್ತಿಲ್ಲ. ಮೊದಲ ದಿನ ಕೈಗೆ ಸಿಕ್ಕ 40 ಕುರಿಗೆ ಬೆನ್ನ ಮೇಲೆ ಕೆಂಪು ಬಣ್ಣ ಬಳಿದು ಬಿಟ್ಟೆ. ಅವು ಮತ್ತೆ ಮಂದೆಯಲ್ಲಿ ಬೆರೆತವು. ಮರುದಿನ ಬಂದು 50 ಕುರಿ ಹಿಡಿದು ನೋಡಿದೆ, ಅದರಲ್ಲಿ 10ಕ್ಕೆ ಬಣ್ಣವಿತ್ತು. ಅಂದರೆ ಐದರಲ್ಲಿ ಒಂದಕ್ಕೆ ಬಣ್ಣ. ನೀನು ಬಳಿದದ್ದು 40, ಆದ್ದರಿಂದ ಒಟ್ಟು ಸುಮಾರು 200. ಇಷ್ಟೇ ಮೂಲ ಉಪಾಯ. ಹುಲಿಗೆ ಬಣ್ಣ ಬಳಿಯುವ ಕೆಲಸವಿಲ್ಲ, ಅದರ ಪಟ್ಟೆಯೇ ಬಣ್ಣ, ಒಂದರ ಹಾಗೆ ಇನ್ನೊಂದಿಲ್ಲ. ದಾರಿಯ ಎರಡೂ ಬದಿಗೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟಿ ಈ ಲೆಕ್ಕವನ್ನು ಹುಲಿಗೆ ಅನ್ವಯಿಸಿ, 1995ರಲ್ಲಿ ನಾಗರಹೊಳೆಯ ಅಂಕಿಗಳೊಂದಿಗೆ ಪ್ರಬಂಧ ಬರೆದವರು ನಮ್ಮ ಉಲ್ಲಾಸ ಕಾರಂತರು. ಅವರು ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. "ಪ್ರಾಣಿಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತು ಬಂದಿಲ್ಲ" ಅಂತ ಅಳುವ ಹುಡುಗರಿಗೆ ನಾನು ಇದನ್ನೇ ಹೇಳುವುದು.

ಬಣ್ಣದ ಲೆಕ್ಕದಲ್ಲಿ ಮೋಸ ಎಲ್ಲಿದೆ ಅಂತ ಯೋಚಿಸು. ಬಣ್ಣ ಹಚ್ಚಿದ ಕುರಿ ಹೆದರಿ ದೂರ ನಿಂತರೆ? ನಡುವೆ ಹೊಸ ಮಂದೆ ಬಂದು ಸೇರಿದರೆ? ಮಳೆಗೆ ಬಣ್ಣ ತೊಳೆದುಹೋದರೆ? ಪ್ರತಿಯೊಂದಕ್ಕೂ ಲೆಕ್ಕ ಎಷ್ಟು ಕೆಡುತ್ತದೆ, ಕೂಡುತ್ತದೋ ಕಳೆಯುತ್ತದೋ? ಈ ಮೂರು ಪ್ರಶ್ನೆ ನಿನಗೆ ರುಚಿಸಿದರೆ ನೀನು ಈ ಕೆಲಸಕ್ಕೆ ತಕ್ಕವಳು. ಸಂಖ್ಯಾಶಾಸ್ತ್ರ ಅಂದರೆ ಇದೇ. ಅದಕ್ಕೆ ಹೆದರಿ ಓಡಿ ಬರುವವರಿಗೆ ಜೀವಶಾಸ್ತ್ರ ಅಡಗುತಾಣ ಆಗಿತ್ತು ಒಂದು ಕಾಲಕ್ಕೆ, ಈಗ ಅಲ್ಲ. ಚಿಂಕಾರ ಎಣಿಸುವುದು ಬೇರೆ ರೀತಿ. ಅದಕ್ಕೆ ಪಟ್ಟೆ ಇಲ್ಲ. ನಸುಕಿನಲ್ಲಿ ನೇರ ಗೆರೆ ಹಿಡಿದು ನಡೆಯುತ್ತ, ಕಂಡ ಪ್ರತಿ ಗುಂಪಿನ ದೂರವನ್ನೂ ಕೋನವನ್ನೂ ಬರೆದುಕೊಳ್ಳಬೇಕು. ಗೆರೆಯ ಹತ್ತಿರದ್ದು ಎಲ್ಲಾ ಕಾಣುತ್ತವೆ, ದೂರದ್ದು ಕಣ್ಣು ತಪ್ಪಿಸುತ್ತವೆ. ದೂರ ಹೆಚ್ಚಿದಂತೆ ಎಷ್ಟು ಕಡಿಮೆ ಕಂಡವು ಅನ್ನುವುದರ ಇಳಿಜಾರೇ, ಕಾಣದೆ ಉಳಿದವು ಎಷ್ಟು ಅಂತ ಹೇಳಿಬಿಡುತ್ತದೆ. ಮೊದಲ ಸಲ ಈ ಲೆಕ್ಕ ಕಂಪ್ಯೂಟರಿನಲ್ಲಿ ಕೂಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಣದ್ದನ್ನು ಎಣಿಸಿದ್ದೆನಲ್ಲ!

ಎಣಿಕೆಯಿಂದ ಊರಿಗೇನು ಅಂತ ಅಪ್ಪ ಕೇಳಿದರೆ ಬೆಳಗಾವಿಯ ಚಿರತೆಯನ್ನು ನೆನಪಿಸು. 2022ರ ಆಗಸ್ಟ್‌ನಲ್ಲಿ ಗಾಲ್ಫ್ ಮೈದಾನದ ಸುತ್ತ ಚಿರತೆ ಕಂಡಿತು ಅಂತ 22 ಶಾಲೆಗೆ ರಜೆ ಕೊಟ್ಟಿದ್ದರು. ಬೋನು ಇಟ್ಟರು, ಡ್ರೋನ್ ಹಾರಿಸಿದರು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆ ತರಿಸಿದರು. ವಾರಗಟ್ಟಲೆ ಹುಡುಕಿದರೂ ಚಿರತೆ ಸಿಗಲಿಲ್ಲ. ಊರಿಗೆ ಊರೇ ಹೆದರಿತ್ತು, ಅದನ್ನು ನಾನು ನಗುವುದಿಲ್ಲ. ಆದರೆ "ಹಿಡಿದು ದೂರ ಬಿಟ್ಟುಬರ್ರಿ" ಅನ್ನುವ ಮಾತು ಬಂತಲ್ಲ, ಅದಕ್ಕೆ ಉತ್ತರ ಪಕ್ಕದ ಮಹಾರಾಷ್ಟ್ರದಲ್ಲಿ ಮೊದಲೇ ಸಿಕ್ಕಿತ್ತು. ಪುಣೆ ಜಿಲ್ಲೆಯ ಜುನ್ನರದಲ್ಲಿ ಚಿರತೆಗಳನ್ನು ಹಿಡಿದು ಕಾಡಿಗೆ ಬಿಡುವ ಕೆಲಸ 2001ರಲ್ಲಿ ಜೋರಾಯಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಲೆಕ್ಕ ತೆಗೆದಾಗ, ಅದಕ್ಕೂ ಮುಂಚೆ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿದ್ದದ್ದು ಆಮೇಲೆ 17ಕ್ಕೆ ಏರಿತ್ತು. ಬೇರು ಕಿತ್ತು ಗುರುತಿಲ್ಲದ ಊರಲ್ಲಿ ಬಿಟ್ಟ ಪ್ರಾಣಿ ಇನ್ನೇನು ಮಾಡೀತು? ಅದೇ ವಿದ್ಯಾ ಅವರು ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಅಕೋಲೆಯ ಕಬ್ಬಿನ ಸೀಮೆಯಲ್ಲಿ ಕ್ಯಾಮೆರಾ ಕಟ್ಟಿದರು. ಕಾಡಿಲ್ಲದ, ಜನ ತುಂಬಿದ ಆ ನೆಲದಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು 5 ಚಿರತೆ, ಹೆಚ್ಚುಕಡಿಮೆ ಅಷ್ಟೇ ಕತ್ತೆಕಿರುಬ. ಜನರಿಗೆ ತಿಳಿಯದಂತೆ ನಾಯಿ, ಹಂದಿ ತಿಂದು ಬದುಕಿದ್ದವು. ಅಥಣಿ, ರಾಯಬಾಗ, ಮುಧೋಳ, ಜಮಖಂಡಿಯ ಕಬ್ಬಿನಲ್ಲಿ ಎಷ್ಟಿವೆ? ಇದೇ ಲೆಕ್ಕ ಇಲ್ಲೂ ಆಗಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ಮರಿ ಸಿಕ್ಕಾಗ ಏನು ಮಾಡಬೇಕೆಂದು ಗ್ಯಾಂಗಿನವರಿಗೆ ಕನ್ನಡದಲ್ಲಿ, ಮರಾಠಿಯಲ್ಲಿ ತಿಳಿಸಿ ಹೇಳುವವರು ಬೇಕು. ನಿನ್ನಂಥವಳಿಗೆ ಇಲ್ಲಿ ಕೆಲಸ ಇಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಬೆಳಗಾವಿ ಜಿಲ್ಲೆಯದೇ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಖಾನಾಪುರ ತಾಲೂಕಿನ ಭೀಮಗಡದಲ್ಲಿ, ತಳೇವಾಡಿ ಹತ್ತಿರ, ಬಾರಾಪೇಡೆ ಗುಹೆಗಳಿವೆ. 1912ರಲ್ಲಿ ಅಲ್ಲಿ ಸಿಕ್ಕ ಒಂದು ಬಾವಲಿಯನ್ನು ಮರುವರ್ಷ ಹೊಸ ಪ್ರಭೇದವೆಂದು ದಾಖಲಿಸಿದರು, ರಾಟನ್‌ನ ಬಾವಲಿ ಅಂತ ಕರೆಯುತ್ತಾರೆ. ಈ ಶತಮಾನ ಹುಟ್ಟುವ ತನಕ ಇಡೀ ಜಗತ್ತಿನಲ್ಲಿ ಅದು ಇದೆ ಅಂತ ಗೊತ್ತಿದ್ದದ್ದು ಆ ಒಂದೇ ಜಾಗದಲ್ಲಿ. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲೂ ಕಂಡಿತು. ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು, ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಅಂದ ತಕ್ಷಣ ನಮಗೆ ಹೋರಾಟ ನೆನಪಾಗುತ್ತದೆ, ಆ ಹೊಳೆ ಹುಟ್ಟುವುದು ಇದೇ ಕಾಡಲ್ಲಿ. ಬಾವಲಿಯ ಮೇಲೆ ಹತ್ತು ವರ್ಷ ದುಡಿಯುವ ಹುಚ್ಚು ಇರುವವರು ನಮ್ಮ ಕಡೆ ಕಡಿಮೆ. ಹುಲಿಯ ಮೇಲೆ ಕೆಲಸ ಮಾಡಬೇಕೆನ್ನುವವರ ಸಾಲು ಬೆಂಗಳೂರಿನಿಂದ ಬಂಡೀಪುರದ ತನಕ ನಿಂತಿದೆ. ಬುದ್ಧಿವಂತರು ಸಾಲಿಲ್ಲದ ಕಡೆ ಹೋಗುತ್ತಾರೆ.

ಓದಿನ ವಿಷಯ ಬೇಗ ಹೇಳುತ್ತೇನೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್.ಸಿ.ಬಿ.ಎಸ್.ನಲ್ಲಿ, ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂ.ಎಸ್ಸಿ. ಇದೆ. ಎರಡು ವರ್ಷಕ್ಕೊಮ್ಮೆ ಸೇರಿಸಿಕೊಳ್ಳುತ್ತಾರೆ, ಹದಿನೈದರ ಆಸುಪಾಸು ಮಂದಿ, ದೇಶಕ್ಕೆಲ್ಲ ಒಂದೇ ಪರೀಕ್ಷೆ, ಮೇಲೆ ಸಂದರ್ಶನ. ಜೀವಶಾಸ್ತ್ರವೇ ಓದಿರಬೇಕೆಂಬ ಹಟ ಅಲ್ಲಿಲ್ಲ. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯ ಎಂ.ಎಸ್ಸಿ. 1988ರಿಂದ ನಡೆಯುತ್ತಿದೆ. ಈ ಎರಡರಲ್ಲಿ ಸಿಕ್ಕರೆ ಭಾಗ್ಯ, ಸಿಗದಿದ್ದರೆ ಜೀವನ ಮುಗಿಯುವುದಿಲ್ಲ. ನನಗೆ ಮೊದಲ ಸಲ ಎರಡೂ ಕಡೆ ಆಗಲಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಮಾಡಬಹುದು, ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನ ಊಟಕ್ಕೆ ಮನೆ. ಅಲ್ಲಿ ಓದುತ್ತ ನಿನ್ನ ಕೊನೆಯ ವರ್ಷದ ಪ್ರಾಜೆಕ್ಟನ್ನು ಲ್ಯಾಬಿನ ಬಾಟಲಿಯೊಳಗೆ ಮಾಡದೆ ಬಯಲಿನಲ್ಲಿ ಮಾಡು, ಅಷ್ಟು ಹಟ ಹಿಡಿ. ಪಿಎಚ್.ಡಿ.ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಇದೆ, 1983ರಲ್ಲಿ ಮಾಧವ ಗಾಡ್ಗೀಳರು ಕಟ್ಟಿದ್ದು. ಅಲ್ಲೇ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇದೆ. ಕೊಯಮತ್ತೂರಿನ ಸಾಲಿಂ ಅಲಿ ಕೇಂದ್ರ ಇದೆ. ತಂಗಿ-ತಮ್ಮಂದಿರು ಪಿ.ಯು.ಸಿ.ಯಲ್ಲಿದ್ದರೆ ಅವರಿಗೆ ಶಿರಸಿಯ ಅರಣ್ಯ ಕಾಲೇಜಿನ ಹೆಸರು ಹೇಳು. ಬೀದರಿನ ಪಶುವೈದ್ಯ ಕಾಲೇಜನ್ನೂ ಹೇಳು. 2025ರ ನವೆಂಬರ್‌ನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೆಲವೇ ದಿನದಲ್ಲಿ 31 ಕೃಷ್ಣಮೃಗ ಸತ್ತವಲ್ಲ, ದನಕ್ಕೆ ಬರುವ ಗಳಲೆ ರೋಗ ಅಂದರು. ಕಾಡುಪ್ರಾಣಿಯ ರೋಗ ಬಲ್ಲ ವೈದ್ಯರು ಎಷ್ಟು ಬೇಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅರಣ್ಯ ಇಲಾಖೆ ಬೇರೆಯೇ ದಾರಿ. ಯು.ಪಿ.ಎಸ್.ಸಿ. ಬರೆದು ಐ.ಎಫ್.ಎಸ್., ಅಂದರೆ ಭಾರತೀಯ ಅರಣ್ಯ ಸೇವೆಯ ಅಧಿಕಾರಿ, ಆಗಬಹುದು, ಪ್ರಾಣಿಶಾಸ್ತ್ರ ಓದಿದವರಿಗೆ ಅವಕಾಶ ಇದೆ. ವಲಯ ಅರಣ್ಯಾಧಿಕಾರಿ, ಅರಣ್ಯ ರಕ್ಷಕರ ಹುದ್ದೆಗೆ ರಾಜ್ಯದ ನೇಮಕಾತಿ ಇದೆ. ಕಾಯಂ ಪಗಾರ, ಅಧಿಕಾರ, ಜೀಪು. ಸಂಶೋಧನೆಗೆ ಹೊತ್ತು ಮಾತ್ರ ಸಿಗುವುದಿಲ್ಲ, ಬೆಂಕಿ ಸೀಸನ್ನು, ಕೋರ್ಟು, ಮಂತ್ರಿಗಳ ಭೇಟಿ ಇದರಲ್ಲೇ ವರ್ಷ ಕಳೆಯುತ್ತದೆ. ಅಪ್ಪನಿಗೆ ಇದು ಹಿಡಿಸೀತು. ನಿನಗೆ ಹಿಡಿಸುತ್ತದೆಯೇ ಅನ್ನುವುದನ್ನು ನೀನೇ ನೋಡಿಕೋ.

ಇಂಗ್ಲಿಷ್ ಅಷ್ಟಕ್ಕಷ್ಟೆ ಅಂದಿದ್ದೀ. ಪ್ರಬಂಧ ಇಂಗ್ಲಿಷಿನಲ್ಲೇ ಬರೆಯಬೇಕು, ಅದು ತಪ್ಪಿದ್ದಲ್ಲ, ಕಲಿ. ದಿನಕ್ಕೆ ಒಂದು ಪುಟ ಪ್ರಬಂಧ ಓದಿದರೆ ವರ್ಷದಲ್ಲಿ ಕೈಹತ್ತುತ್ತದೆ, ಅವರ ಶಬ್ದಗಳು ಬಹಳ ಇಲ್ಲ, ಅವೇ ಐನೂರು ತಿರುತಿರುಗಿ ಬರುತ್ತವೆ. ನನ್ನ ಜೊತೆ ಓದಿದ ಚುರುಕು ಇಂಗ್ಲಿಷಿನವರು ಕುರಿಗಾಹಿಯ ಹತ್ತಿರ ಹೋಗಿ "ತೋಳ ಬಂದಿತ್ತೇ?" ಅಂತ ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅವನು "ಇಲ್ರಿ" ಅಂದು ಬೀಡಿ ಹಚ್ಚುತ್ತಿದ್ದ. ನಾನು ಹಟ್ಟಿಯ ಬಲೆ ಪಕ್ಕ ಕುಂತು, ಅವನ ರೊಟ್ಟಿ-ಹಿಂಡಿಯಲ್ಲಿ ಒಂದು ತುತ್ತು ತಿಂದು, "ಯಪ್ಪಾ, ಈ ವರ್ಸ ತ್ವಾಳ ಎಷ್ಟ ಮರಿ ಒಯ್ತು?" ಅಂದರೆ ಸಂಜೆ ತನಕ ಮಾತು. ಇಂಡಿ ಕಡೆಯ ಒಬ್ಬ ಮುದುಕ ಅಂದದ್ದು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ: "ಅದೂ ಬೀರಪ್ಪನ ಕುರಿನ ಕಾಯ್ತೈತಿ ಬಿಡವಾ, ಪಗಾರ ತಗೊಂಡ ಹೋಗ್ತೈತಿ." ಎಲ್ಲರೂ ಹಾಗೆ ಅನ್ನುವುದಿಲ್ಲ. ಹೊಗೆ ಹಾಕಿ ಮರಿಗಳ ಸಮೇತ ಗವಿ ಮುಚ್ಚಿದವರನ್ನೂ ಕಂಡಿದ್ದೇನೆ, ಹನ್ನೆರಡು ಕುರಿ ಒಂದೇ ರಾತ್ರಿಗೆ ಕಳಕೊಂಡವನ ಮುಂದೆ ಪರಿಸರದ ಪಾಠ ಹೇಳುವ ಧೈರ್ಯ ನನಗೆ ಬಂದಿಲ್ಲ. ಆದರೆ ಇಬ್ಬರ ಮಾತೂ ಬರೆದುಕೊಳ್ಳಬಲ್ಲವಳು ಅವರ ಭಾಷೆಯವಳೇ. ನೀನು ಕೊರತೆ ಅಂತ ಬರೆದ "ಅಜ್ಜ ಕುರಿ ಕಾಯುತ್ತಾನೆ" ಅನ್ನುವ ಸಾಲನ್ನು ನಾನು ನಿನ್ನ ಅರ್ಜಿಯ ಮೊದಲ ಸಾಲು ಮಾಡುತ್ತಿದ್ದೆ.

ಹೆಣ್ಣುಮಗಳಾಗಿ ಏನು ಕಷ್ಟ ಅಂತ ನೀನು ಕೇಳಿಲ್ಲ, ಕೇಳಬೇಕೆಂದಿದ್ದೆ ಅನ್ನಿಸುತ್ತದೆ. ಬಯಲಿನಲ್ಲಿ ಮರೆ ಇಲ್ಲ, ಇದೇ ಮೊದಲ ಕಷ್ಟ. ನಾನು ಮೊದಲ ವರ್ಷ ನೀರು ಕುಡಿಯದೆ ಇದ್ದು ಮೂತ್ರದ ಸೋಂಕು ತಂದುಕೊಂಡೆ. ನೀರು ಕುಡಿ, ಜೊತೆಗೊಬ್ಬ ಹೆಣ್ಣುಮಗಳನ್ನು ಕರೆದುಕೋ, ಹಗಲು ಹೋದ ಊರಲ್ಲಿ ಮೊದಲು ಪರಿಚಯ ಮಾಡಿಕೊಂಡೇ ನಸುಕಿನಲ್ಲಿ ಹೋಗು. ಊರ ಟಂಟಂ ಡ್ರೈವರಿನ ನಂಬರು ಇರಲಿ. ತೋಳಕ್ಕಿಂತ ಕೊಳಕುಮಂಡಲಕ್ಕೆ ಹೆದರು, ಕಾಲಿಗೆ ದಪ್ಪ ಬೂಟು ಹಾಕು. ಗೈಡು ಯಾರೆಂದು ಆರಿಸುವಾಗ ಅವರ ಹಳೆಯ ವಿದ್ಯಾರ್ಥಿನಿಯರನ್ನು ಗುಟ್ಟಾಗಿ ವಿಚಾರಿಸು. ಎಷ್ಟು ದೊಡ್ಡ ಹೆಸರಿದ್ದರೂ ಸರಿ.

ಇನ್ನು ಕಾಗದಪತ್ರ. ಅಭಯಾರಣ್ಯದೊಳಗೆ ಸಂಶೋಧನೆಗೆ ಕಾಲಿಡಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಪ್ರಾಣಿ ಹಿಡಿಯುವುದಾದರೆ ಅದಕ್ಕೆ ಬೇರೆ. ನನ್ನ ಒಂದು ಅರ್ಜಿ ಹನ್ನೊಂದು ತಿಂಗಳು ಯಾವುದೋ ಮೇಜಿನ ಮೇಲೆ ಮಲಗಿತ್ತು, ಅಷ್ಟರಲ್ಲಿ ತೋಳ ಮರಿ ಹಾಕುವ ಚಳಿಗಾಲ ದಾಟಿಹೋಗಿತ್ತು. ಒಂದು ವರ್ಷದ ಕೆಲಸ ಹಾಳು. ಅಂದಿನಿಂದ ಅರ್ಜಿ ಹಾಕಿದ ದಿನವೇ ಎರಡನೆಯ ಯೋಜನೆ ಸಿದ್ಧ ಇಡುತ್ತೇನೆ, ಅನುಮತಿ ಬೇಡದ ಹೊಲ-ಬದುಗಳಲ್ಲಿ ಮಾಡುವಂಥದ್ದು. ನಮ್ಮ ಕಡೆಯ ಪ್ರಾಣಿಗಳು ಬಹುಪಾಲು ಅಭಯಾರಣ್ಯದ ಹೊರಗೇ ಇರುವುದರಿಂದ ಅದರಿಂದ ನಷ್ಟವೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ನನ್ನ ಒಳ್ಳೆಯ ಕೆಲಸವೆಲ್ಲ ಎರಡನೆಯ ಯೋಜನೆಯಿಂದಲೇ ಬಂದದ್ದು.

ದುಡ್ಡು ಬೇಗ ಬರುವ ಒಂದು ಕವಲು ದಾರಿಯೂ ಇದೆ. ಗಣಿ, ಕಾರ್ಖಾನೆ, ದೊಡ್ಡ ವಿದ್ಯುತ್ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮದ ವರದಿ ಬೇಕು, ಅದನ್ನು ಬರೆಯುವ ಸಲಹಾ ಸಂಸ್ಥೆಗಳು ನಮ್ಮಂಥವರನ್ನು ದಿನಗೂಲಿಗೆ ಕರೆಯುತ್ತವೆ. ಒಳ್ಳೆಯ ಸಂಸ್ಥೆಗಳೂ ಇವೆ. ನನಗೆ ಸಿಕ್ಕದ್ದು ಬೇರೆ. ಮೂರು ದಿನದ ಸರ್ವೆ ಮಾಡಿ ಪಟ್ಟಿ ಕೊಟ್ಟೆ. ಫೋನ್ ಬಂತು: "ಮೇಡಂ, ತ್ವಾಳ ಅಂತ ಯಾಕ ಬರದೀರಿ? ನಾಯಿ ಇರಬೋದು ನೋಡ್ರಿ." ಫೋಟೊ ಇತ್ತು. ನಾಯಿ ಅಂತ ಬರೆಯಲಿಲ್ಲ, ಮುಂದೆ ಅವರು ಕರೆಯಲಿಲ್ಲ, ಆ ಮೂರು ದಿನದ ಕೂಲಿಯೂ ಬರಲಿಲ್ಲ. ಬಾಡಿಗೆ ಕಟ್ಟಲು ಅವತ್ತು ಅವ್ವನ ಹತ್ತಿರ ಕೈಚಾಚಿದ್ದೆ. ಇಂಥ ಫೋನು ನಿನಗೂ ಬರುತ್ತದೆ. ಆಗ ಏನು ಹೇಳುತ್ತೀ ಅನ್ನುವುದನ್ನು ಈಗಲೇ ಯೋಚಿಸಿಟ್ಟುಕೋ, ಬಾಡಿಗೆ ಬಾಕಿ ಇದ್ದಾಗ ಯೋಚಿಸುವುದು ಕಷ್ಟ.

ಊರು ಬಿಡಬೇಕೇ ಅಂತ ಕೊನೆಯ ಪ್ರಶ್ನೆ. ಕಲಿಯಲು ಬಿಡಬೇಕು. ಐದೋ ಏಳೋ ವರ್ಷ. ನಿನ್ನ ಪ್ರಶ್ನೆಗಳನ್ನು ಮಾತ್ರ ಇಲ್ಲಿಂದಲೇ ಒಯ್ಯಿ. ಬೆಂಗಳೂರಿನ ಸಂದರ್ಶನದಲ್ಲಿ "ನನಗೆ ಹುಲಿ ಇಷ್ಟ" ಅನ್ನುವವರು ನೂರು ಮಂದಿ ಬರುತ್ತಾರೆ. "ನಮ್ಮ ತಾಲೂಕಿನಲ್ಲಿ ಕಾಲುವೆ ನೀರು ಬಂದ ಊರಲ್ಲೂ ಬಾರದ ಊರಲ್ಲೂ ಎರಡು ವರ್ಷ ಚಿಗರಿ ಎಣಿಸಿದ್ದೇನೆ, ಪಟ್ಟಿ ಇಲ್ಲಿದೆ" ಅನ್ನುವವಳು ಬಂದರೆ ಕುರ್ಚಿಯಲ್ಲಿ ಒರಗಿ ಕುಂತವರು ಮುಂದೆ ಬಾಗುತ್ತಾರೆ. ನಾನು ಆ ಕುರ್ಚಿಯಲ್ಲಿ ಕುಂತದ್ದುಂಟು, ಅದಕ್ಕೇ ಹೇಳುತ್ತಿದ್ದೇನೆ.

ಈಗಿನಿಂದ ಮಾಡಬಹುದಾದದ್ದು ಸ್ವಲ್ಪ. ಒಂದು ಬೈನಾಕ್ಯುಲರ್ ಸಾಲ ಮಾಡಿಯಾದರೂ ತಗೋ, 8×42 ಅಂತ ಕೇಳು. ಕಂಡ ಹಕ್ಕಿಗಳನ್ನು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸು, ಕಾಣದ ದಿನವೂ ಹೋಗಿದ್ದೆ ಅಂತ ದಾಖಲಿಸು, ಹೊಸಬರು ಬಿಡುವುದು ಇದನ್ನೇ. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಆಲಮಟ್ಟಿ ಹಿನ್ನೀರಿಗೋ ಗೋಕಾಕದ ಹತ್ತಿರ ಧೂಪದಾಳದ ಘಟಪ್ರಭಾ ಪಕ್ಷಿಧಾಮಕ್ಕೋ ಹೋಗಿ ಗಣತಿಯವರ ಜೊತೆ ಸೇರು, ಬಲ್ಲವರ ಪಕ್ಕ ನಿಂತು ಒಂದು ದಿನ ನೋಡಿದರೆ ಪುಸ್ತಕದ ಒಂದು ತಿಂಗಳಿಗೆ ಸಮ. ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕು, ಎರಡು ತಿಂಗಳು ಒಳ್ಳೆಯ ಲ್ಯಾಬಿನಲ್ಲಿ ಸಂಬಳ ಸಹಿತ ಕಲಿಯಬಹುದು. ಯಡಹಳ್ಳಿಯೊಳಗೆ ಸುಮ್ಮನೆ ನುಗ್ಗಬೇಡ. ವಲಯ ಅರಣ್ಯಾಧಿಕಾರಿಯವರನ್ನು ಕಾಲೇಜಿನ ಪತ್ರ ಹಿಡಿದು ಭೇಟಿಯಾಗು, ಗಣತಿ ಇದ್ದಾಗ ಸ್ವಯಂಸೇವಕಿಯಾಗಿ ಬರುತ್ತೇನೆ ಅನ್ನು.

ಅದೆಲ್ಲದಕ್ಕಿಂತ ಮುಂಚೆ, ಈ ಭಾನುವಾರ, ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಅಜ್ಜನ ಜೊತೆ ಹೋಗು. ಕಳೆದ ದೀಪಾವಳಿಯಿಂದ ಈಚೆಗೆ ಎಷ್ಟು ಮರಿ ಹೋದವು ಅಂತ ಕೇಳು. ತೋಳ ಒಯ್ದದ್ದೆಷ್ಟು, ನಾಯಿ ಹಿಡಿದದ್ದೆಷ್ಟು, ಬ್ಯಾನಿ ಬಂದು ಸತ್ತದ್ದೆಷ್ಟು. ರಾತ್ರಿಯೋ ಹಗಲೋ, ಬಲೆ ಹಾಕಿತ್ತೋ ಇಲ್ಲವೋ, ಯಾರ ಹೊಲದಲ್ಲಿ. ಅವನ ಗೆಳೆಯರು ಇನ್ನೂ ನಾಲ್ಕು ಮಂದಿಯನ್ನು ಇದೇ ಕೇಳು, ಒಬ್ಬರ ಉತ್ತರ ಇನ್ನೊಬ್ಬರಿಗೆ ಹೇಳಬೇಡ. ಐದು ಪುಟ ಆದ ಮೇಲೆ ನನಗೆ ಕಳಿಸು. ಕನ್ನಡದಲ್ಲೇ ಬರೆ, ನಿಮ್ಮೂರ ಮಾತಿನಲ್ಲಿ, ಅವರು ಅಂದದ್ದನ್ನು ಅಂದಹಾಗೆ.